ಡೋರೀನಳಿಗೆ ಸಿಗದ ಉಂಗುರ

ಸ್ಯಾಂಡ್ರಿಗ್ ಕಡಲತೀರದಲ್ಲಿ ಉಂಗುರ ಕಳೆದುಕೊಂಡವರು ಮೊದಲು ಅಳುತ್ತಾರೆ, ಕಣ್ಣೊರೆಸಿಕೊಂಡು ಡೋರೀನ್ ಹೋಲ್ರಾಯ್ಡ್‌ಳನ್ನು ಹುಡುಕಿಕೊಂಡು ಹೋಗುತ್ತಾರೆ. ಮೀನು ಕರಿಯುವ ಅಂಗಡಿಯಲ್ಲಿ ಬಿಸಿ ಎಣ್ಣೆಯ ಮುಂದೆ ನಿಂತು ಅರ್ಧ ಆಯುಷ್ಯ ಕಳೆದ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ, ಮರಳಿನಡಿಯ ಲೋಹ ಪತ್ತೆಹಚ್ಚುವ ಅವನ ಡಿಟೆಕ್ಟರನ್ನು ಮಾರಲು ಮನಸ್ಸು ಬಾರದೆ ಕಿವಿಗೆ ಹೆಡ್‌ಫೋನು ಏರಿಸಿಕೊಂಡು ತಾನೇ ಮರಳಿಗಿಳಿದಳು. ಅಂದಿನಿಂದ ಚಿನ್ನದ್ದು, ಬೆಳ್ಳಿಯದು ಎಂದು ಎಷ್ಟು ಉಂಗುರ ಹುಡುಕಿಕೊಟ್ಟಳೋ ಅವಳಿಗೇ ನೆನಪಿಲ್ಲ. ಪ್ರತಿಫಲವಾಗಿ ಒಂದು ಚಹಾ, ಒಂದು ಬೆಣ್ಣೆ ಬನ್ನು, ಅಷ್ಟೇ. ಅವಳು ಗಳಿಸಿದ್ದೆಂದರೆ ಹೆಸರೊಂದೇ. ಅದಕ್ಕೆ ಯಾರಾದರೂ ಮಸಿ ಬಳಿಯಲು ಬಂದರೆ ಸುಮ್ಮನಿರುವ ಜಾಯಮಾನದವಳಲ್ಲ.

ಆ ಶರತ್ಕಾಲದಲ್ಲಿ ಬಂದವನು ಕೆನೆತ್ ಲಂಬ್. ಅಂಚೆ ಹಂಚುವ ಕೆಲಸದಲ್ಲಿದ್ದು ನಿವೃತ್ತನಾದ, ಊರಿಗೆಲ್ಲ ಬೇಕಾದ ನಗುಮುಖದ ಮನುಷ್ಯ. ಎಡಗೈ ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿತ್ತು.

"ನಾಯಿ ಹಗ್ಗ ಎಳೀತು ಡೋರೀನ್. ಆ ರಭಸಕ್ಕೆ ಉಂಗುರ ಹಾರಿಹೋಯ್ತು, ಬೆರಳೂ ಊದಿಕೊಳ್ತು. ಅದು ನನ್ನ ಹೆಂಡ್ತಿ ಐರಿಸ್‌ಳ ಅಪ್ಪಂದು. ಸಿಗದಿದ್ರೆ ಅವಳು ನನ್ನನ್ನ ಜೀವಂತ ಹೂತುಬಿಡ್ತಾಳೆ!"

ಡೋರೀನ್ ಅವನು ತೋರಿಸಿದ ಜಾಗಕ್ಕೆ ಗೂಟ ಹೊಡೆದು ದಾರ ಕಟ್ಟಿದಳು. ನೀರು ಇಳಿದಾಗಲೆಲ್ಲ ಸಾಲು ಬಿಡದೆ ಯಂತ್ರ ಆಡಿಸಿದಳು. ಬಾಟಲಿ ಮುಚ್ಚಳಗಳು ಸಿಕ್ಕವು, ಡೇರೆಯ ಮೊಳೆಗಳು ಸಿಕ್ಕವು, ಯಾವಳೋ ಕಳೆದುಕೊಂಡ ಬೆಳ್ಳಿ ಕಾಲುಂಗುರ ಸಿಕ್ಕಿತು. ಕೆನೆತ್‌ನ ಉಂಗುರ ಮಾತ್ರ ಸಿಗಲಿಲ್ಲ. ಇಲ್ಲಿಲ್ಲ ಎಂದರೆ "ಸ್ವಲ್ಪ ಆಚೆ ಇರಬಹುದು ನೋಡು" ಎನ್ನುತ್ತಿದ್ದ. ಆಚೆಯೂ ಇಲ್ಲ ಎಂದರೆ ಬಂಡೆಗಳ ಕಡೆ ಕೈ ತೋರಿಸುತ್ತಿದ್ದ. ಉತ್ತರದ ಗಾಳಿಗೆ ಅವಳ ಕೈ ಸೀಳು ಬಿಟ್ಟಿತು, ಮಂಡಿ ಮಡಚಲು ಆಗದಾಯಿತು. ಅವನು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ದಡದ ಮೇಲೆ ನಿಂತಿರುತ್ತಿದ್ದ.

ದಡದ ಚಹಾ ಗೂಡಂಗಡಿಯ ಮೇವಿಸ್‌ಳಿಗೆ ಇದೇ ತಮಾಷೆಯಾಯಿತು. "ಏನೇ ಡೋರೀನ್, ಯಂತ್ರಕ್ಕೆ ಕಿವುಡೋ ನಿನಗೆ ಕಿವುಡೋ?" ಎಂದಳು. ಅಲ್ಲಿ ಕುಳಿತಿದ್ದವರೆಲ್ಲ ಕಿಸಕ್ಕೆಂದರು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಒಂದು ಬೆಳಿಗ್ಗೆ ನೋಡಿದರೆ, ಗೂಡಂಗಡಿಯ ಗಾಜಿಗೆ ಎಷ್ಟೋ ವರ್ಷದಿಂದ ಅಂಟಿಕೊಂಡಿದ್ದ 'ಉಂಗುರ ಕಳೆದಿದೆಯೇ? ಡೋರೀನಳನ್ನು ಕೇಳಿ' ಎಂಬ ಚೀಟಿ ಕಾಣೆಯಾಗಿತ್ತು. ಅಲ್ಲಿ ಪಕ್ಕದ ಊರಿನ ಯಾವನೋ ಒಬ್ಬನ ಹೆಸರಿತ್ತು.

"ಬೇಜಾರು ಮಾಡ್ಕೋಬೇಡ ಕಣೇ, ವಯಸ್ಸಾಯ್ತಲ್ಲ ನಿನಗೂ," ಎಂದು ಮೇವಿಸ್ ಬನ್ನಿಗೆ ಬೆಣ್ಣೆ ಸವರಿದಳು.

ಡೋರೀನ್ ಆ ಬನ್ನು ಮುಟ್ಟಲಿಲ್ಲ. ಮರಳಿನಲ್ಲಿ ಉಂಗುರವಿಲ್ಲ ಎಂದು ಅವಳಿಗೆ ತನ್ನ ಮನೆಯ ಬಾಗಿಲು ಗೊತ್ತಿದ್ದಷ್ಟೇ ಗೊತ್ತಿತ್ತು. ಆದರೆ ಇಲ್ಲದ್ದನ್ನು ತೋರಿಸುವುದು ಹೇಗೆ?

ಭಾನುವಾರ ಕೆನೆತ್, ಐರಿಸ್ ಇಬ್ಬರನ್ನೂ, ನಾಯಿಯ ಸಮೇತ, ದಡಕ್ಕೆ ಕರೆಸಿದಳು. ಕಳೆದದ್ದು ಹೇಗೆಂದು ಕಳೆದುಕೊಂಡವರಿಂದಲೇ ಮತ್ತೊಮ್ಮೆ ಮಾಡಿಸಿ ನೋಡುವುದು ಅವಳ ಹಳೆಯ ಪದ್ಧತಿ. ಉಂಗುರದ ಬದಲು ಬೆರಳಿಗೆ ಹಿತ್ತಾಳೆಯ ವಾಷರ್ ತೊಡಿಸುತ್ತಾಳೆ, ಅದು ಎಲ್ಲಿ ಬೀಳುತ್ತದೋ ಅಲ್ಲಿ ಹುಡುಕುತ್ತಾಳೆ. ಕೆನೆತ್ ಇಷ್ಟು ದಿನ ಬೆರಳು ನೋವು ಎಂದು ತಪ್ಪಿಸಿಕೊಂಡಿದ್ದ. ಈಗ ಬ್ಯಾಂಡೇಜು ಬಿಚ್ಚಿಯಾಗಿತ್ತು.

"ಐರಿಸ್, ನಿಮ್ಮಪ್ಪನ ಉಂಗುರ ಎಷ್ಟು ದೊಡ್ಡದಿತ್ತು? ನೀನೇ ಆರಿಸು," ಎಂದು ಡೋರೀನ್ ವಾಷರುಗಳ ಡಬ್ಬಿ ಹಿಡಿದಳು.

ಐರಿಸ್ ಒಂದನ್ನು ಆರಿಸಿ ಗಂಡನ ಬೆರಳಿಗೆ ಏರಿಸಲು ಹೋದಳು. ಅದು ಗೆಣ್ಣಿಗೆ ಬಂದು ನಿಂತುಬಿಟ್ಟಿತು. ತಿರುಗಿಸಿದಳು, ಒತ್ತಿದಳು. ಕೆನೆತ್ ಅಯ್ಯೋ ಎಂದ.

"ಊತ ಇಳಿದಿದೆ, ಆದ್ರೂ ಒಳಗೆ ಹೋಗ್ತಿಲ್ಲ," ಎಂದಳು ಐರಿಸ್. "ಹಾಗಿದ್ರೆ ಅದು ಹೊರಗೆ ಹೆಂಗೆ ಹಾರಿತು, ಕೆನೆತ್?"

ಕೆನೆತ್ ನಾಯಿಯನ್ನು ನೋಡಿದ. ನಾಯಿಯೂ ಅವನನ್ನೇ ನೋಡುತ್ತಿತ್ತು.

"ಸಿಗಡಿ ಬಲೆಗೆ ಬರಿಗೈ ಹಾಕ್ದೆ," ಎಂದ ಕೊನೆಗೆ. "ಮುಳ್ಳುಮೀನು ಚುಚ್ಚಿತು. ಬೆರಳು ಊದಿ ಬೂದಿ ಬಣ್ಣಕ್ಕೆ ತಿರುಗ್ತು. ಆಸ್ಪತ್ರೇಲಿ ಉಂಗುರ ಕತ್ತರಿಸಿಬಿಟ್ರು. ಎರಡು ತುಂಡೂ ಶೆಡ್‌ನಲ್ಲಿ ಹೊಗೆಸೊಪ್ಪಿನ ಡಬ್ಬೀಲಿವೆ. ಬರಿಗೈ ಹಾಕಬೇಡ ಅಂತ ನೀನು ನೂರು ಸಲ ಹೇಳಿದ್ದೆ, ಐರಿಸ್..."

"ಅಂದ್ರೆ," ಎಂದಳು ಡೋರೀನ್, "ಹೆಂಡ್ತಿ ಹತ್ರ ಒಂದು ಸಂಜೆ ಬೈಸ್ಕೊಳ್ಳೋಕೆ ಹೆದರಿ, ನನ್ನನ್ನ ಆ ಚಳೀಲಿ ಒದ್ದೆ ಮರಳಲ್ಲಿ ಮಂಡಿಯೂರಿಸಿದೆ. 'ಸ್ವಲ್ಪ ಆಚೆ' ಅಂತ ಕೈ ಬೇರೆ ತೋರಿಸಿದೆ! ಊರು ನನ್ನನ್ನ ನೋಡಿ ನಗ್ತಿದ್ದಾಗ ನೀನೂ ಅಲ್ಲೇ ಕೂತು ಚಹಾ ಕುಡೀತಿದ್ದೆ. ನಾಚಿಕೆ ಆಗಲಿಲ್ವಾ ನಿನಗೆ?"

"ಬೆಸುಗೆ ಹಾಕಿಸಿದ್ರೆ ಆಗ್ತಿತ್ತಲ್ಲೋ ಪೆದ್ದ!" ಎಂದು ಐರಿಸ್ ಅತ್ತಳು. ಆಮೇಲೆ ಡೋರೀನಳ ಸೀಳು ಬಿಟ್ಟ ಕೈಗಳನ್ನು ನೋಡಿ ತಲೆ ತಗ್ಗಿಸಿದಳು.

ಡೋರೀನ್ ಅವನನ್ನು ನೇರ ಗೂಡಂಗಡಿಗೆ ನಡೆಸಿಕೊಂಡು ಹೋಗಿ, ಎಲ್ಲರೆದುರು ಬಾಯಿಬಿಡಿಸಿದಳು. ಆದದ್ದೇನು? ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು. ಮೇವಿಸ್ ಅವನಿಗೆ ಬಿಟ್ಟಿ ಬನ್ನು ಕೊಟ್ಟಳು. ಸುಳ್ಳು ಹೇಳಿದವನಿಗೆ ಬನ್ನು! ನಿಜ ಹುಡುಕಿದವಳಿಗೆ ಒಬ್ಬರಾದರೂ ತಪ್ಪಾಯ್ತು ಎನ್ನಲಿಲ್ಲ.

ಡೋರೀನ್ ಗಾಜಿನ ಮೇಲಿದ್ದ ಪಕ್ಕದೂರಿನವನ ಚೀಟಿಯನ್ನು ಕಿತ್ತು, ಅದರ ಹಿಂಬದಿ ಮೇಲೆ ಮಾಡಿ ಕೆನೆತ್‌ನ ಮುಂದಿಟ್ಟಳು. ಮೇವಿಸ್ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ಎಳೆದುಕೊಂಡಳು. ನಗು ಒಂದೊಂದಾಗಿ ನಿಂತಿತು.

"ಬರಿ. 'ಉಂಗುರ ಕಳೆದಿದೆಯೇ? ಡೋರೀನಳನ್ನು ಕೇಳಿ.'"

ಅವನು ಬರೆದ. ಚೀಟಿ ಎತ್ತಲು ಹೋದ.

"ಇನ್ನೂ ಇದೆ," ಎಂದಳು. "'ಅವಳು ಇಲ್ಲ ಅಂದರೆ ಇಲ್ಲ.' ಕೆಳಗೆ ನಿನ್ನ ಹೆಸರು ಹಾಕು."