ನನ್ನ ದನಿಯ ಹದಿನೈದು ಸೆಕೆಂಡು

ದ್ವೇಷ ಮಾಡಲಿಕ್ಕೆಂದೇ ನನ್ನನ್ನು ಮೂರು ದಿನಕ್ಕೆ ಗೊತ್ತು ಮಾಡಿದ್ದರು. ಇಂದಿರಾನಗರದ ಒಂದು ನೆಲಮಾಳಿಗೆಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯೊಳಗೆ ನಿಂತು, ಹೊರದೇಶದ ಸಿನಿಮಾಗಳಿಗೆ ಕನ್ನಡದಲ್ಲಿ ದನಿ ಕೊಡುವುದು ನನ್ನ ಕೆಲಸ. ಅಲ್ಲಿಯವರೆಗೆ ನಾನು ಕೊಟ್ಟಿದ್ದೆಲ್ಲ ಗುಂಪಿನ ದನಿ, ಚಿಲ್ಲರೆ ರೌಡಿಗಳ ದನಿ, ಒಮ್ಮೆ ಒಂದು ಕುದುರೆ. ಕುದುರೆಯನ್ನು ಎಲ್ಲರೂ ಹೊಗಳಿದ್ದರು.

ಈ ಸಲ ಸಿಕ್ಕಿದ್ದು ಮುಖ್ಯ ಪಾತ್ರ. ಯಾವುದೋ ಕಡಲತೀರದ ಊರು, ಮೀನಿನ ಬಂದರಿನಲ್ಲಿ ದುಡಿಯುವ ಒಬ್ಬ ಬಿಳಿಯ ತರುಣ. ಅವನ ತಾತ ಬಲೆ ಹೆಣೆಯುವುದನ್ನು ಕಲಿಸಿದ ಹಾಗೇ ಕಪ್ಪು ಜನರನ್ನು ದ್ವೇಷಿಸುವುದನ್ನೂ ಕಲಿಸಿರುತ್ತಾನೆ. ಒಂದೂವರೆ ಗಂಟೆ ಅವನು ಬಂದರಿಗೆ ಕೆಲಸಕ್ಕೆ ಬಂದ ಕಪ್ಪು ಮನುಷ್ಯನೊಬ್ಬನಿಗೆ ಬೈಯುತ್ತಾನೆ, ಉಗಿಯುತ್ತಾನೆ, ಹೊಡೆಯುತ್ತಾನೆ. ಕೊನೆಗೆ ದೋಣಿ ಮಗುಚಿ ಮುಳುಗುವಾಗ ಅದೇ ಮನುಷ್ಯ ನೀರಿಗೆ ಹಾರಿ ಅವನನ್ನು ಎಳೆದು ತರುತ್ತಾನೆ. ತರುಣ ಅಳುತ್ತಾನೆ, ಬದಲಾಗುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು.

"ದ್ವೇಷ ಬರ್ತಿಲ್ಲ ಮಗಾ," ಅಂದರು ಡಬ್ಬಿಂಗ್ ನೋಡಿಕೊಳ್ಳುವ ಸರ್, ಗಾಜಿನ ಆಚೆಯಿಂದ. "ಹೊಟ್ಟೆ ಕೆಟ್ಟೋನ ಥರ ಕೇಳ್ತಿದೆ."

"ಬೆಳಗ್ಗೆ ನಾಲ್ಕು ವಡೆ ತಿಂದಿದ್ದೆ ಸಾರ್."

"ವಡೆ ಮರ್ತುಬಿಡು. ಆ ಬೈಗುಳಾನೇ ಅವನ ತುಟಿಗೆ ಕೂರ್ತಿಲ್ಲ. ಅವನು ಕೊನೇಲಿ ಬಾಯಿ ಅಗಲ ತೆಗೀತಾನೆ ನೋಡು, 'ಆ' ಅಂತ ಮುಗೀಬೇಕು."

ರೆಕಾರ್ಡಿಂಗ್ ಮಾಡುವವನು ಹೆಡ್‌ಫೋನ್ ತೆಗೆಯದೆಯೇ ಹೇಳಿದ: "ಕರಿಯಾ ಅಂತ ಹಾಕಿ ಸಾರ್. ಕರೆಕ್ಟಾಗಿ ಕೂರುತ್ತೆ."

"ಅದು ನನ್ನ ಹೆಸರು, ಗುರು," ಅಂದೆ.

ಸುಳ್ಳಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಹಾಗೆ. ನಾನು ಹುಟ್ಟಿದ ದಿನ ಅಜ್ಜಿ ಬಟ್ಟೆ ಸರಿಸಿ ನೋಡಿ, "ಇದೇನೇ, ಬರೀ ಡಿಕಾಕ್ಷನ್ನೇ ಬಂದಿದೆ, ಹಾಲೆಲ್ಲಿ?" ಅಂದಿದ್ದರಂತೆ. ಅವತ್ತಿನಿಂದ ಕರಿಯ. ಪಾಸಾದಾಗಲೂ ಕರಿಯ, ಫೇಲಾದಾಗಲೂ ಕರಿಯ. ಫೇಲಾದದ್ದೇ ಹೆಚ್ಚು.

"ಸ್ವಂತದ್ದಾ? ಇನ್ನೂ ಒಳ್ಳೇದು, ಬಾಯಲ್ಲಿ ಸಲೀಸಾಗಿ ಬರುತ್ತೆ," ಅಂದರು ಸರ್. "ಹೇಳು."

"ಏಯ್ ಕರಿಯಾ, ನಿಮ್ಮೂರಿಗೆ ಹೋಗಲೇ."

ಒಂದೇ ಟೇಕಿಗೆ ಓಕೆ ಆಯಿತು. ಗಾಜಿನ ಆಚೆ ಚಪ್ಪಾಳೆ. ಅಷ್ಟು ಅಚ್ಚುಕಟ್ಟಾದ ದ್ವೇಷ ನನ್ನ ಗಂಟಲಿನಲ್ಲಿ ಯಾವಾಗಿನಿಂದ ಇತ್ತೋ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಸಮೋಸ ತಿಂದೆ. ಈಗ ನೆನೆದರೆ ಗೊತ್ತಾಗುತ್ತದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕಾರ್ಖಾನೆಯ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ನಡೆದಿತ್ತು. ಮೇಷ್ಟ್ರು ನನ್ನನ್ನು 'ಆಫ್ರಿಕಾದ ಕಾಡು ಮನುಷ್ಯ' ಮಾಡಿದರು. ತವೆಯ ಮಸಿ ಬಳಿದರು. ನನ್ನ ಮೈಮೇಲೆ ವ್ಯತ್ಯಾಸವೇ ಕಾಣದೆ ಇನ್ನೊಂದು ಸಲ ಬಳಿದರು. ನಾನು ಈಟಿ ಹಿಡಿದು ಅರ್ಥವಿಲ್ಲದ ಭಾಷೆಯಲ್ಲಿ ಕಿರುಚಿದೆ. ಆ ಭಾಷೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಟೀವಿಯ ಸಿನಿಮಾಗಳಲ್ಲಿ ಕಾಡು ಜನ ಕುಣಿಯುವ ಹಾಡು ನೋಡಿ ತಾನಾಗಿಯೇ ಬಂದಿತ್ತು. ಮೊದಲ ಬಹುಮಾನವಾಗಿ ಸ್ಟೀಲ್ ಡಬ್ಬಿ ಕೊಟ್ಟರು. ಅಮ್ಮ ಈಗಲೂ ಅದರಲ್ಲಿ ಸಾಸಿವೆ ಇಡುತ್ತಾಳೆ.

ಸಿನಿಮಾ ಬಂತು. ಪೂರ್ತಿ ನೋಡಿದವರು ಬಹುಶಃ ನಮ್ಮ ಮನೆಯವರಷ್ಟೇ; ಅಪ್ಪ ಅದರಲ್ಲೂ ನಿದ್ದೆ ಹೋದರು. ಆದರೆ ಯಾರೋ ನನ್ನ ಆ ಒಂದು ಮಾತನ್ನು ಕತ್ತರಿಸಿ, ಹಿಂದೆ ತಮಟೆ ಸದ್ದು ಸೇರಿಸಿ, ಹದಿನೈದು ಸೆಕೆಂಡಿನ ತುಣುಕು ಮಾಡಿ ಬಿಟ್ಟರು. ಅದು ಫೋನಿನಿಂದ ಫೋನಿಗೆ ಓಡಿತು. ಬೆಕ್ಕು ನಾಯಿಗೆ ಹೇಳುವ ಹಾಗೆ, ಅಣ್ಣ ತಮ್ಮನಿಗೆ ಹೇಳುವ ಹಾಗೆ, ಎಲ್ಲದಕ್ಕೂ ನನ್ನ ದನಿ. ನಾನು ಬಸ್ಸಿನಲ್ಲಿ ಪಕ್ಕದವರ ಫೋನಿಗೆ ಇಣುಕಿ ನೋಡಿ, ಮೀಸೆ ಇಲ್ಲದ ಜಾಗವನ್ನೇ ತಿರುವಿಕೊಂಡೆ.

ಹೊರಮಾವಿನ ನಮ್ಮ ಮನೆಯ ಮಹಡಿ ಆಗ ಖಾಲಿ ಇತ್ತು. ಒಂದು ಶನಿವಾರ ಬೆಳಗ್ಗೆ ಬೋರ್ಡು ನೋಡಿ ಉಗಾಂಡದ ಒಬ್ಬ ವಿದ್ಯಾರ್ಥಿನಿ ಗೇಟು ತಟ್ಟಿದಳು. ಫಾರ್ಮಸಿ ಕಡೆಯ ವರ್ಷ. ಇದ್ದ ಮನೆಯ ಮಾಲೀಕರು ಖಾಲಿ ಮಾಡಿ ಅಂದಿದ್ದರು. ಬಾಣಸವಾಡಿಯಿಂದ ಕಲ್ಯಾಣ ನಗರದವರೆಗೆ ಬೋರ್ಡು ಹಾಕಿದ ಮನೆಗಳೆಲ್ಲ ಆಕೆಯ ಮುಖ ಕಂಡ ಕೂಡಲೇ ತುಂಬಿಹೋಗಿದ್ದವು. ಹತ್ತು ದಿನದೊಳಗೆ ಬಾಡಿಗೆ ಕರಾರು ತೋರಿಸದಿದ್ದರೆ ಇಲ್ಲಿ ಇರಲು ಬೇಕಾದ ಅನುಮತಿ ಮುಂದುವರಿಯುವುದಿಲ್ಲ. ಅನುಮತಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಇದನ್ನೆಲ್ಲ ಆಕೆ ಇಂಗ್ಲಿಷು, ನಡುನಡುವೆ ತರಕಾರಿ ಮಾರುಕಟ್ಟೆಯ ಕನ್ನಡದಲ್ಲಿ ಹೇಳಿದಳು. ನಾನು ಇಲ್ಲಿ ಪೂರ್ತಿ ಕನ್ನಡ ಮಾಡುತ್ತಿದ್ದೇನೆ. ಅದೇ ನನ್ನ ಕಸುಬು.

ಅಪ್ಪ ಆಕೆಯ ಕಾಗದಪತ್ರದ ಫೈಲನ್ನು ತಿರುವಿ ನೋಡುತ್ತಿದ್ದರು. ಅಮ್ಮ ಕಾಫಿ ತಂದಿಟ್ಟಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು:

"ಏಯ್ ಕರಿಯಾ, ಬಾರೋ ಇಲ್ಲಿ, ಹಾಲು ಉಕ್ತಾ ಇದೆ."

ಆಕೆ ಲೋಟ ಕೆಳಗಿಟ್ಟಳು. ಎದ್ದಳು. ಬ್ಯಾಗು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದೇಬಿಟ್ಟಳು. ಅಪ್ಪ ಫೈಲು ಹಿಡಿದುಕೊಂಡು ಹಾಗೇ ಕೂತಿದ್ದರು. ನಾನು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು ಹಾಕಿಕೊಂಡು ಓಡಿದೆ. ಗೇಟಿನ ಹತ್ತಿರ, ಇಡೀ ಕ್ರಾಸಿಗೆ ಕೇಳುವ ಹಾಗೆ ಕೂಗಿದೆ:

"ನಿಮ್ಮನ್ನಲ್ಲ, ನನ್ನನ್ನ. ಕರಿಯಾ ಅಂದ್ರೆ ನಾನು, ನಾನೇ ಕರಿಯಾ."

ಆಕೆ ನಿಂತಳು. ಕೋಪ ಇಳಿಯಿತು ಅಂದುಕೊಂಡೆ.

"ಇನ್ನೊಂದ್ಸಲ ಹೇಳು."

"ಕರಿಯಾ," ಅಂದೆ, ಪ್ರೋತ್ಸಾಹ ಸಿಕ್ಕಿದವನಂತೆ.

"ಈ ದನಿ ನಂಗೆ ಗೊತ್ತು," ಅಂದಳು. "ಮೇನ್ ರೋಡಲ್ಲಿ ಟೀ ಅಂಗಡಿ ಇದೆಯಲ್ಲ, ನಾನು ಅಲ್ಲಿ ಹೋದಾಗೆಲ್ಲ ಯಾರಾದ್ರೂ ಫೋನ್ ಎತ್ತಿ ಜೋರಾಗಿ ಹಾಕ್ತಾರೆ. ಅವರು ಬಾಯಿ ಬಿಡಲ್ಲ. ನೀನೇ ಮಾತಾಡ್ತೀಯ."

ನನಗೆ ಯಾವ ಮಾತಿಗೂ ಮರುಮಾತು ಇರುತ್ತದೆ. ಇದಕ್ಕೂ ಹುಡುಕಿದೆ. "ಆ ಸಿನಿಮಾ ದ್ವೇಷದ ವಿರುದ್ಧ ಇದೆ. ಕೊನೇಲಿ ಅವನು ಬದಲಾಗ್ತಾನೆ, ನೀವು ಪೂರ್ತಿ ನೋಡ್ಬೇಕು," ಅಂದೆ. ನನ್ನ ಬದುಕಿನಲ್ಲಿ ನಾನಾಡಿದ ದಡ್ಡ ಮಾತುಗಳನ್ನು ಸಾಲಾಗಿ ನಿಲ್ಲಿಸಿದರೆ ಕ್ಯೂ ಕೆ.ಆರ್. ಪುರದ ಸೇತುವೆ ದಾಟುತ್ತದೆ. ಈ ಮಾತು ಕ್ಯೂನ ಮುಂದೆ ನಿಂತಿರುತ್ತದೆ.

"ನಾನ್ಯಾಕೆ ಪೂರ್ತಿ ನೋಡ್ಬೇಕು?" ಅಂದಳು. "ಅವರಿಗೆ ತೋರಿಸು."

ಸರಿ, ತೋರಿಸುತ್ತೇನೆ ಎಂದು ಮಧ್ಯಾಹ್ನವೇ ಟೀ ಅಂಗಡಿಗೆ ಹೋದೆ. ಮೂರು ಜನ ಹುಡುಗರು ಬೈಕಿನ ಮೇಲೆ ಕೂತಿದ್ದರು. "ಆ ದನಿ ನಂದು. ದಯವಿಟ್ಟು ಅದನ್ನ ಹಾಕಿ ಆ ಹುಡುಗಿನ ರೇಗಿಸ್ಬೇಡಿ," ಅಂದೆ. ಅವರಿಗೆ ಮೊದಲ ವಾಕ್ಯ ಮಾತ್ರ ಕೇಳಿಸಿತು.

"ನೀನಾ? ಮಗಾ, ಲೈವಾಗಿ ಒಂದ್ಸಲ ಹೊಡಿ."

"ಇಲ್ಲ. ಬೇಕಾದ್ರೆ ಅವನು ಕೊನೇಲಿ ಕ್ಷಮೆ ಕೇಳೋ ಡೈಲಾಗ್ ಹೇಳ್ತೀನಿ."

ಹೇಳಿಯೂ ಹೇಳಿದೆ, ರಸ್ತೆ ಬದಿಯಲ್ಲಿ, ಕಣ್ಣಲ್ಲಿ ನೀರು ತಂದುಕೊಂಡು, ಒಂದೂವರೆ ನಿಮಿಷ. ಅರ್ಧದಲ್ಲೇ ಒಬ್ಬ ಬೈಕ್ ಸ್ಟಾರ್ಟ್ ಮಾಡಿದ.

"ಅದು ಬೋರು ಗುರು. ಅದನ್ನ ಯಾರು ಕೇಳ್ತಾರೆ?"

ಆ ಹೊತ್ತಿಗೆ ಅಲ್ಲ, ಮನೆಗೆ ನಡೆದು ಬರುವಾಗ ನನಗೆ ಸಿಟ್ಟು ಬಂತು. ಅವರ ಮೇಲಷ್ಟೇ ಅಲ್ಲ, ಆ ಸಿನಿಮಾದ ಮೇಲೂ. ಬೈಗುಳವನ್ನು ಎಷ್ಟು ರುಚಿಯಾಗಿ ಮಾಡಿದ್ದರು, ಎಷ್ಟು ಹತ್ತಿರದಿಂದ ಮುಖ ತೋರಿಸಿದ್ದರು. ಬದಲಾವಣೆಗೆ ಮಾತ್ರ ಪಿಟೀಲು. ಮೇಲಾಗಿ, ಅವನು ಬದಲಾಗಲು ಇನ್ನೊಬ್ಬ ಸಮುದ್ರಕ್ಕೆ ಹಾರಬೇಕು. ಹಾರದಿದ್ದರೆ? ಈಜು ಬರದಿದ್ದರೆ? ಉಗಿಸಿಕೊಂಡವನೇ ಉಗಿದವನನ್ನು ದಡಕ್ಕೆ ತರಬೇಕಾದ ಪಾಠ ಅದೆಂಥ ಪಾಠ?

ಭಾನುವಾರ ಬೆಳಗ್ಗೆ ಎದುರು ಮನೆಯ ಅಂಕಲ್ ಬಂದರು. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ಅಪ್ಪನ ವಾಕಿಂಗ್ ಜೊತೆಗಾರ. ನಾನು ಗೇಟಿನಲ್ಲಿ ಕೂಗಿದ್ದರಿಂದ ವಿಷಯ ಇಡೀ ಕ್ರಾಸಿಗೆ ಗೊತ್ತಾಗಿತ್ತು. ಆ ಕೀರ್ತಿಯೂ ನನ್ನದೇ.

"ನೋಡಿ ಸಾರ್, ಆಫ್ರಿಕಾದವರಿಗೆ ಮಾತ್ರ ಕೊಡ್ಬೇಡಿ," ಅಂದರು ಅಪ್ಪನಿಗೆ. "ಡ್ರಗ್ಸು, ಗಲಾಟೆ. ಏರಿಯಾನೇ ಹಾಳಾಗುತ್ತೆ."

"ಅಂಕಲ್, ನೀವು ಅವರ ಪೈಕಿ ಎಷ್ಟು ಜನರ ಹತ್ರ ಮಾತಾಡಿದೀರ?" ಎಂದು ನಾನು ಕೇಳಿದೆ.

"ಮಾತಾಡೋದೇನು, ನೋಡಿಲ್ವೇನಪ್ಪಾ? ಯಾವ ಸಿನಿಮಾ ಹಾಕಿದ್ರೂ ಡ್ರಗ್ಸ್ ಮಾರೋನು ಅವನೇ. ಮೊನ್ನೆ ಒಂದು ನೋಡ್ದೆ, ಗೋಡೌನಲ್ಲಿ ಕೂತಿರ್ತಾನೆ, ಅವನ ದನಿ ಕೇಳಿದ್ರೇ ಮೈ ಜುಮ್ ಅನ್ನುತ್ತೆ."

"'ಮಾಲು ಎಲ್ಲೋ, ನಾಳೆ ಬೆಳಕು ನೋಡಲ್ಲ ನೀನು.' ಹಿಂಗಾ?"

ಅಂಕಲ್ ಸೋಫಾದಲ್ಲಿ ಹಿಂದಕ್ಕೆ ಸರಿದರು. ಅಪ್ಪನೂ ಸರಿದರು.

"ಅದು ನಾನು ಅಂಕಲ್. ಹಡಗಿನಲ್ಲಿ ಬಂದೂಕು ಹಿಡಿದೋನು, ಅವನೂ ನಾನೇ. ಜೈಲಲ್ಲಿ ನಗೋನು ಇದ್ದಾನಲ್ಲ, ಕೆಮ್ಮು ಇತ್ತು ನಂಗೆ ಅವತ್ತು. ನೀವು ಇಷ್ಟು ವರ್ಷ ಹೆದರಿಕೊಂಡಿರೋದು ನನಗೆ. ನಾನು ಹುಟ್ಟಿದಾಗಿಂದ ನಿಮ್ಮೆದುರು ಮನೇಲೇ ಇದೀನಿ. ಖಾಲಿ ಮಾಡಿಸೋದಾದ್ರೆ ನನ್ನನ್ನ ಮಾಡ್ಸಿ."

"ಅದು ಬೇರೆ, ಇದು ಬೇರೆ," ಅಂದರು ಅಂಕಲ್. "ಆ ಹುಡುಗಿ ಒಳ್ಳೆಯವಳೇ ಅಂತ ಏನು ಗ್ಯಾರಂಟಿ?"

"ಒಳ್ಳೆಯವಳು ಯಾಕೆ ಆಗಿರ್ಬೇಕು? ಹೋದ ಸಲ ಇದ್ದವನು ಬಾಲ್ಕನಿಯಿಂದ ಉಗೀತಿದ್ದ, ನಿಮ್ಮ ಕಾರಿನ ಮೇಲೇ. ಅವನಿಗೆ ಮನೆ ಕೊಡುವಾಗ ಗ್ಯಾರಂಟಿ ಕೇಳಿದ್ರಾ? ಇವಳು ನಮ್ಮ ಅಜ್ಜೀನ ನೀರಿಂದ ಎತ್ತಿ ತಂದು ತೋರಿಸ್ಬೇಕಾ? ಹೊರಮಾವಲ್ಲಿ ಸಮುದ್ರ ಇಲ್ಲ ಅಂಕಲ್, ಕೆರೆ ಇದೆ, ಅದರಲ್ಲಿ ಹಾರಿದ್ರೆ ಕಾಪಾಡಿದೋರೂ ಉಳಿಯಲ್ಲ."

ಅಪ್ಪ ನಕ್ಕುಬಿಟ್ಟರು, ತಕ್ಷಣ ಕೆಮ್ಮಿ ಮುಚ್ಚಿಕೊಂಡರು. ಅಂಕಲ್ ನಗಲಿಲ್ಲ. ಎದ್ದು ಬಾಗಿಲಿಗೆ ತಿರುಗಿದಾಗ ಆಕೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಬಿಟ್ಟುಹೋದ ಫೈಲು ತೆಗೆದುಕೊಳ್ಳಲು ಬಂದಿದ್ದಳು. ಎಷ್ಟು ಕೇಳಿಸಿಕೊಂಡಳೋ, ಎಷ್ಟು ಅರ್ಥವಾಯಿತೋ ತಿಳಿಯದು.

"ನಾಳೆ ಏನಾದ್ರೂ ಆದ್ರೆ ನಮ್ಮನ್ನ ಕರೀಬೇಡಿ," ಅಂದು ಅಂಕಲ್ ಆಕೆಯನ್ನು ಸುತ್ತು ಹಾಕಿಕೊಂಡು ಹೋದರು.

ಅಪ್ಪ ಫೈಲು ಹಿಡಿದುಕೊಂಡು ಬಾಗಿಲಿಗೆ ಬಂದರು. ನಲವತ್ತು ವರ್ಷದ ನೆರೆಯವನು ಒಂದು ಕಡೆ, ಬೀಗ ಹಾಕಿದ ಮಹಡಿ ಇನ್ನೊಂದು ಕಡೆ. ಅವರು ಹೇಳಿದ್ದು ಇಷ್ಟೇ: "ನೋಡಮ್ಮಾ, ಮೇಲೆ ಗೀಸರ್ ಕೆಲಸ ಮಾಡಲ್ಲ."

"ರಿಪೇರಿ ಮಾಡ್ಸಿ," ಅಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಮನೆ ನಂಗೆ ಬೇಕು, ಅದಕ್ಕೆ ತಗೋತಿದೀನಿ. ನಿನ್ನ ಭಾಷಣಕ್ಕಲ್ಲ. ನಿನ್ನ ಮೇಲೆ ಕೋಪ ಹಂಗೇ ಇದೆ."

"ಇರ್ಲಿ, ಇಟ್ಕೊಳ್ಳಿ," ಅಂದೆ. "ಮೇಲೆ ಅಟ್ಟ ದೊಡ್ಡದಿದೆ."

ಆಕೆ ನಗಲಿಲ್ಲ. ನಗಬೇಕಾಗಿಯೂ ಇರಲಿಲ್ಲ.

ಆ ವಾರ ಸರ್ ಫೋನ್ ಮಾಡಿ ಇನ್ನೊಂದು ಗೋಡೌನು, ಇನ್ನೊಬ್ಬ ಹೆಸರಿಲ್ಲದ ಕಪ್ಪು ರೌಡಿ ಇದ್ದಾನೆ, ಬಾ ಅಂದರು. ಬರಲ್ಲ ಅಂದೆ. "ನೀನು ಬಿಟ್ರೆ ಬೇರೆಯವನು ಮಾಡ್ತಾನೆ ಮಗಾ," ಅಂದರು. ಮಾಡಲಿ. ದ್ವೇಷಿಸುವವನ ಪಾತ್ರ ಬೇಕಾದರೆ ಇನ್ನೊಮ್ಮೆ ಕೊಡಿ, ಮಾಡುತ್ತೇನೆ. ಆದರೆ ಈ ಸಲ ಯಾರೂ ನೀರಿಗೆ ಹಾರುವುದು ಬೇಡ, ಅವನೇ ಒದ್ದಾಡಿ ದಡ ಸೇರಲಿ ಅಂದೆ. ಸರ್ ಫೋನ್ ಇಟ್ಟರು. ಈಗ ಮತ್ತೆ ಗುಂಪಿನಲ್ಲಿ 'ಓಡ್ರೋ, ಓಡ್ರೋ' ಅನ್ನುತ್ತಿದ್ದೇನೆ. ತುಣುಕು ಇನ್ನೂ ಓಡುತ್ತಲೇ ಇದೆ, ಅದನ್ನು ಹಿಂದಕ್ಕೆ ನುಂಗಲು ನನ್ನಿಂದಾಗದು. ಟೀ ಅಂಗಡಿಗೆ ಮಾತ್ರ ದಿನಾ ಸಂಜೆ ಹೋಗುತ್ತೇನೆ. ಯಾರಾದರೂ ಅದನ್ನು ಹಾಕಿದರೆ, ಪಕ್ಕದಲ್ಲಿ ಕೂತು ಆ ಒಂದೂವರೆ ನಿಮಿಷದ ಬೋರು ಶುರು ಮಾಡುತ್ತೇನೆ. ಇತ್ತೀಚೆಗೆ ನನ್ನನ್ನು ಕಂಡರೆ ಫೋನು ಜೇಬಿಗೆ ಹೋಗುತ್ತದೆ. ಅವರು ಬದಲಾಗಿದ್ದಾರೆ ಎಂದು ನಾನು ಹೇಳುವುದಿಲ್ಲ, ಸುಸ್ತಾಗಿದ್ದಾರೆ.

ಕರಾರನ್ನು ಅಪ್ಪನೇ ಬಾಣಸವಾಡಿಯಲ್ಲಿ ಟೈಪ್ ಮಾಡಿಸಿ ತಂದರು. ಆಕೆ ಊಟದ ಮೇಜಿನ ಮೇಲೆ ಹರಡಿಕೊಂಡು ಪ್ರತಿ ಸಾಲಿಗೂ ಬೆರಳಿಟ್ಟು ಓದತೊಡಗಿದಳು. ಎರಡನೇ ಸಾಲಿನಲ್ಲೇ ಬೆರಳು ನಿಂತಿತು. ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.

"ಇದು ನಾನಲ್ಲ," ಅಂದಳು.

"ಒಂದು ಅಕ್ಷರ ತಾನೇ, ಪೆನ್ನಲ್ಲಿ ಸೇರಿಸೋಣ," ಅಂದರು ಅಪ್ಪ.

"ಬೇಡ. ಹೊಸ ಪೇಪರಲ್ಲಿ ಮಾಡ್ಸಿ."

ನಾನು ಸ್ಕೂಟರ್ ತೆಗೆದೆ. "ನೀನೊಬ್ಬನೇ ಹೋದ್ರೆ ಇನ್ನೊಂದು ಅಕ್ಷರ ಕಳೀತೀಯ," ಅಂದು ಆಕೆಯೂ ಹಿಂದೆ ಕೂತಳು. ಎದುರು ಮನೆಯ ಕಿಟಕಿಯ ಪರದೆ ಅಲುಗಾಡಿತು. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವವರು ನನ್ನನ್ನೇ ನೋಡಿ, "ಹೆಸ್ರು ಹೇಳಿ ಸಾರ್," ಅಂದರು. ನಾನು ಬಾಯಿ ತೆರೆದೆ. ಆಕೆ ನನ್ನ ಮುಂದೆ ಕೈ ಅಡ್ಡ ಹಿಡಿದಳು.

"ನೀನು ಸುಮ್ನಿರು."

ಪಕ್ಕಕ್ಕೆ ಸರಿದೆ. ಆಕೆ ಕಂಪ್ಯೂಟರಿನ ಕಡೆ ಬಗ್ಗಿ, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಗಟ್ಟಿಯಾಗಿ ಹೇಳತೊಡಗಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಸರು ಪೂರ್ತಿ ಆದ ಮೇಲೆ, ನಮ್ಮ ಮನೆ ನಂಬರನ್ನೂ ಹಾಗೇ ಹೇಳಿದಳು.