ಬಂಡೆಗಳ ನಡುವೆ ಮೇಡಂ ದನಿ

"ಗಂಗಮ್ಮ, ಊಟ ಆಯ್ತಾ?"

ಹಾಗೆ ಕೇಳಿದ್ದು ನನ್ನ ಕೈಯಲ್ಲಿದ್ದ ಯಂತ್ರ. ಅದು ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡ ನಮ್ಮ ಪ್ರೊಫೆಸರ್ ಮೇಡಂ ದನಿ.

ನಾನು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ನೌಕರ. ಕರಡಿಗಳ ಕೂಗನ್ನು ದಾಖಲಿಸಲು ಮೇಡಂ ಸರ್ಕಾರದ ಅನುದಾನದಲ್ಲಿ ಈ ರೆಕಾರ್ಡರ್ ಕೊಂಡು, ಚನ್ನರಾಯನದುರ್ಗದ ಬಂಡೆಗಳ ನಡುವೆ ಇಟ್ಟಿದ್ದರು. ಅವರು ಹೋದ ಮೇಲೆ ಯೋಜನೆ ನಿಂತಿತು. ಯಂತ್ರವನ್ನು ಅನುದಾನ ಕೊಟ್ಟ ಇಲಾಖೆಗೆ ಹಿಂದಿರುಗಿಸಬೇಕಿತ್ತು, ತರಲು ಹೋಗಿದ್ದೆ. ಕೆಲಸ ಮಾಡುತ್ತದೆಯೇ ಎಂದು ನೋಡಲು ಗುಂಡಿ ಒತ್ತಿದ್ದೆ, ಅಷ್ಟೆ.

ಪಕ್ಕದಲ್ಲಿ ನಿಂತಿದ್ದ ಕೆಳಗಿನ ಹೊಲದ ಗಂಗಮ್ಮ ಬೆಚ್ಚಲೇ ಇಲ್ಲ. "ಆಯ್ತು ಕಣಮ್ಮ. ನಿಮ್ದಾಯ್ತಾ?" ಎಂದರು.

ಯಂತ್ರದಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಮೇಡಂ, "ನಂದೂ ಆಯ್ತು" ಎಂದರು.

ಇದು ಮೇಡಂ ಇದ್ದಾಗಿನ ರೆಕಾರ್ಡಿಂಗ್, ಅಂದು ಹೊಲದಿಂದ ಗಂಗಮ್ಮ ಕೂಗಿ ಕೊಟ್ಟ ಉತ್ತರ ಯಂತ್ರಕ್ಕೆ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಮೇಡಂ ತೀರಿಹೋದ್ರಲ್ಲಮ್ಮ" ಎಂದೆ.

"ಗೊತ್ತು ಕಣಪ್ಪ. ಅಂಗಂತ, ಕೇಳ್ದಾಗ ಮಾತಾಡ್ದೆ ಇರಕ್ಕಾಯ್ತದಾ?"

ಇಲಾಖೆಯಲ್ಲಿ ಯಂತ್ರವನ್ನು ಇನ್ನೊಮ್ಮೆ ಚಾಲೂ ಮಾಡಿ ತೋರಿಸಬೇಕಿತ್ತು. ಆ ಕೆಲಸವನ್ನು ಸಹೋದ್ಯೋಗಿಗೆ ಬಿಟ್ಟು ನಾನು ಹೊರಗೆ ಬಂದು ನಿಂತೆ. ಮೇಡಂ ನನ್ನ ಹೆಸರು ಹಿಡಿದು ಕರೆದರೆ ಓಗೊಡುವ ಧೈರ್ಯ ನನಗಿರಲಿಲ್ಲ.