ಬಸುರಿಯೂ ಬಾಲದ ನಕ್ಷತ್ರವೂ

ಅರವತ್ತೈದನೇ ಇಸವಿ, ದೀಪಾವಳಿ ಕಳೆದಿತ್ತಷ್ಟೆ. ಮಣಿಪಾಲದಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಸಂಜೆ ಕಾಪುವಿನ ಮನೆಗೆ ಬಂದವರೇ ಚೀಲ ಇಡುವ ಮೊದಲೇ ಹೇಳಿದರು: "ಬೆಳಗಿನ ಜಾವ ಮೂಡುದಿಕ್ಕಿನಲ್ಲಿ ಬಾಲದ ನಕ್ಷತ್ರ ಕಾಣ್ತದಂತೆ. ಹಾಸ್ಟೆಲಿನ ಹುಡುಗರೆಲ್ಲ ಗುಡ್ಡೆಯ ತುದಿಗೆ ಹೋಗಿ ನೋಡ್ತಾ ಇದ್ದಾರೆ ಮಾರಾಯ್ತಿ. ಒಂದು ವಾರ ಇರ್ತದೋ ಇಲ್ಲವೋ. ಮತ್ತೆ ಬರುವಾಗ ನಾವೂ ಇಲ್ಲ, ನಮ್ಮ ಮೊಮ್ಮಕ್ಕಳೂ ಇಲ್ಲ."

ನನಗೆ ಆಗಲೇ ಮೈ ಜುಮ್ಮೆಂದಿತು. ಕಾರ್ಕಳದ ತವರಿನಲ್ಲಿ ಬೇಸಿಗೆಯಲ್ಲಿ ಬಂಡೆಯ ಮೇಲೆ ಚಾಪೆ ಹಾಸಿ, ನಕ್ಷತ್ರ ನೋಡುತ್ತ ಬೆಳೆದವಳು ನಾನು. ಬಾಲವಿದ್ದದ್ದನ್ನು ಮಾತ್ರ ಕಂಡಿರಲಿಲ್ಲ. "ನಾಳೆ ನನ್ನನ್ನೂ ಎಬ್ಬಿಸಿ" ಎಂದೆ.

"ಎಂತ ಎಬ್ಬಿಸುವುದು?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಏಳು ತಿಂಗಳ ಬಸುರಿ ಅಂಗಳಕ್ಕಿಳಿದು ಅದನ್ನೆಲ್ಲ ನೋಡುವುದುಂಟಾ?"

"ಅದು ಗ್ರಹಣ ಅಲ್ಲ ಅತ್ತೆ."

"ಗ್ರಹಣ ಆದರೆ ಸ್ವಲ್ಪ ಹೊತ್ತಲ್ಲಿ ಬಿಡ್ತದೆ. ಇದು ದಿನಾ ಬರ್ತದೆ. ಇನ್ನೂ ಕೆಟ್ಟದ್ದು!"

ಗ್ರಹಣದ ಕಟ್ಟುಕಟ್ಟಳೆಯೆಲ್ಲ ಧೂಮಕೇತುವಿಗೂ ಬಂತು. ಅತ್ತೆ ಉಪ್ಪಿನಕಾಯಿ ಭರಣಿಗೆ, ನೀರಿನ ಕೊಡಕ್ಕೆ ದರ್ಭೆ ಹಾಕಿದರು. ನನ್ನ ಕೋಣೆಯ ಮೂಡುಗಡೆ ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿದರು. ಬೆಳಗಿನ ಜಾವ ಗಂಡ ಕಳ್ಳಹೆಜ್ಜೆಯಲ್ಲಿ ಹೋಗಿ ನೋಡಿ ಬಂದು "ಅಬ್ಬಾ!" ಎಂದರು. ನನಗೆ ಹೊಟ್ಟೆ ಉರಿದುಹೋಯಿತು.

"ಹೇಗುಂಟು?"

"ಹೇಳ್ಲಿಕ್ಕೆ ಬರುವುದಿಲ್ಲ."

"ಅಷ್ಟು ಓದಿ ಎಂತ ಬಂತು ನಿಮಗೆ!" ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಆ ಇಡೀ ದಿನ ನಾನು ಪಾತ್ರೆಗಳನ್ನು ಇಡಲಿಲ್ಲ, ಕುಕ್ಕಿದೆ. ಅತ್ತೆ ಜಗ್ಗಲಿಲ್ಲ. ಮರುದಿನ ಮೋಡ, ಅದರ ಮರುದಿನವೂ ಮೋಡ. ಹೋಯಿತು, ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಆಸೆ ಬಿಟ್ಟೆ.

ಆಮೇಲೊಂದು ಬೆಳಗಿನ ಜಾವ ಯಾರೋ ಭುಜ ಹಿಡಿದು ಅಲುಗಿಸಿದರು. ಅತ್ತೆ! ಅಂಗಳ ಗುಡಿಸಲು ಹೋದವರ ಕೈಯಲ್ಲಿ ಹಿಡಿಸೂಡಿ ಹಾಗೆಯೇ ಇತ್ತು. "ಏಳು, ಬೇಗ ಏಳು ಮಾರಾಯ್ತಿ" ಎಂದರು.

ಅಂಗಳಕ್ಕೆ ಬಂದು ತಲೆಯೆತ್ತಿದೆ. ದೇವರೇ! ಎಲೆಯಡಿಕೆ ತಿನ್ನುವವರು ಕಂಬಕ್ಕೆ ಸುಣ್ಣದ ಬೆರಳು ಒರೆಸಿದ ಹಾಗೆ, ತೆಂಗಿನ ತೋಟದ ಮೇಲೆ ಬಿಳಿ ಬೆಳಕು ಓರೆಯಾಗಿ ಎದ್ದು ನಿಂತಿತ್ತು. ತಲೆ ಮರಗಳ ಹಿಂದೆ ಅಡಗಿತ್ತು. ಬಾಲವೋ, ಎಷ್ಟು ಉದ್ದ! ಸದ್ದಿಲ್ಲ, ಅಲುಗಾಟವಿಲ್ಲ. ಅಷ್ಟು ದೊಡ್ಡದು ಅಷ್ಟು ಸುಮ್ಮನೆ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಸಿಟ್ಟು ಎಲ್ಲಿ ಹೋಯಿತೋ.

"ನಾನು ಸಣ್ಣದಿರುವಾಗಲೂ ಒಂದು ಬಂದಿತ್ತು," ಅತ್ತೆ ಮೆಲ್ಲಗೆ ಹೇಳಿದರು. "ಅಮ್ಮ ಆಗ ಬಸುರಿ. ಜೊತೆಗಿರಲಿ ಅಂತ ನನ್ನನ್ನೂ ಕೋಣೆಯೊಳಗೆ ಹಾಕಿದರು. ಹೊರಗೆ ಎಲ್ಲರೂ 'ಅಗೋ, ಅಗೋ' ಅಂತ ಕೂಗುವುದು ಕೇಳ್ತಿತ್ತು. ಬಾಗಿಲು ಬಡಿದು ಬಡಿದು ಸಾಕಾಯಿತು ನನಗೆ. ಇಷ್ಟು ಚಂದ ಅಂತ ಯಾರೂ ಹೇಳಲಿಲ್ಲ ನೋಡು."

ಎಷ್ಟೆಂದರೂ ನಾನೂ ಈ ಸೀಮೆಯವಳೇ ಅಲ್ಲವೇ, ಸಣ್ಣ ಭಯವೊಂದು ಬಂದು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಅತ್ತೆ ಹಿಡಿಸೂಡಿ ಕೆಳಗೆ ಹಾಕಿದರು. ನನ್ನ ಎರಡೂ ಭುಜ ಹಿಡಿದು ನೇರ ಮೂಡಕ್ಕೆ ತಿರುಗಿಸಿ, ಸೆರಗನ್ನು ಬದಿಗೆ ಸರಿಸಿದರು.

"ಮುಚ್ಚಬೇಡ," ಎಂದರು. "ಮಗುವಿಗೂ ಕಾಣಲಿ."